ಬರೆಯದೆ ಬಿಟ್ಟ ಎರಡು ಪುಟ

ಕಾಲೇಜುಗಳ ಕೋರ್ಸುಗಳನ್ನು ಪರಿಶೀಲಿಸಿ ಮಾನ್ಯತೆಗೆ ಅಂಕ ಕೊಡುವ ಕೆಲಸವನ್ನು ನಾನು ಹತ್ತೊಂಬತ್ತು ವರ್ಷ ಮಾಡಿದೆ. ನೂರಾರು ತರಗತಿಗಳಲ್ಲಿ ಹಿಂದಿನ ಬೆಂಚಿನ ಮೇಲೆ ಕೂತೆ. ಮನಸ್ಸಿನಲ್ಲಿ ಉಳಿದದ್ದು ಒಂದೇ: ಸಿಕಿಹೋರ್ ದ್ವೀಪದ ಸಣ್ಣ ಕಾಲೇಜಿನದು. ಕಿವುಡ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನು ತಯಾರು ಮಾಡುವ ಕೋರ್ಸು ಅದು.

ಅಲ್ಲಿ ಸನ್ನೆಭಾಷೆ ಕಲಿಸುತ್ತಿದ್ದ ಕ್ರಿಸ್ಪುಲೊ ಅವರನ್ನು ಎಲ್ಲರೂ ಅಣ್ಣ ಅನ್ನುತ್ತಿದ್ದರು. ಹುಟ್ಟು ಕಿವುಡರು, ಮೊದಲು ದೋಣಿ ಕಟ್ಟುತ್ತಿದ್ದವರು. ನಾನು ಹೋದ ದಿನ ಅವರು ಹೊಟ್ಟೆನೋವಿನ ಮಗುವಿನಂತೆ ನಟಿಸಿದರು. ನೋವು ಎಲ್ಲಿ ಅಂತ ವಿದ್ಯಾರ್ಥಿಗಳು ಕೈಯಲ್ಲೇ ಕೇಳಿ ತಿಳಿಯಬೇಕು. ಒಬ್ಬಳು ಹಲ್ಲುನೋವು ಅಂದುಕೊಂಡು ಬಾಯಿ ತೆರೆಸಿದಾಗ ಇಡೀ ತರಗತಿ ನಕ್ಕಿತು. ನಾನು ಅಂಕದ ಹಾಳೆ ಮರೆತು ಕೂತುಬಿಟ್ಟಿದ್ದೆ.

ಮಧ್ಯಾಹ್ನ ನಮ್ಮ ತಂಡದ ಮುಖ್ಯಸ್ಥ ಡಾಕ್ಟರ್ ತಾಂಪುಸ್ ಕಡತ ತಿರುವಿ ತಲೆ ಅಲ್ಲಾಡಿಸಿದರು. ಅಣ್ಣ ಹೈಸ್ಕೂಲೂ ಮುಗಿಸಿರಲಿಲ್ಲ. ಕಲಿಸುವವರಿಗೆ ಎಂ.ಎ. ಇಲ್ಲದಿದ್ದರೆ ಸೊನ್ನೆ, ಸೊನ್ನೆ ಬಿದ್ದ ಕೋರ್ಸಿಗೆ ಮಾನ್ಯತೆ ಇಲ್ಲ ಅನ್ನುವುದು ನಿಯಮ.

ವಿಭಾಗದ ಮುಖ್ಯಸ್ಥೆ ಬುಲಾಹಾನ್ ಮೇಡಂ ಮೆಲ್ಲಗೆ ಹೇಳಿದರು: "ಎಂ.ಎ. ಮಾಡಿದೋರು ಎಲ್ಲಾದ್ರೂ ಸಿಗ್ತಾರೆ ಸರ್. ಕಿವಿ ಕೇಳದ ಮಗು ಹೇಗೆ ಯೋಚಿಸುತ್ತೆ ಅಂತ ಹೇಳಿಕೊಡೋರು ಎಲ್ಲಿ ಸಿಗ್ತಾರೆ?"

ದಾರಿ ಇತ್ತು. ತಂಡದ ಒಬ್ಬರು ಎರಡು ಪುಟದ ಸಮರ್ಥನೆ ಬರೆದರೆ ವಿಶೇಷ ಪರಿಣತರಿಗೆ ವಿನಾಯಿತಿ ಸಿಗುತ್ತಿತ್ತು. ನಾನು ಬರೆಯುತ್ತೇನೆ ಅಂದೆ. ಬುಲಾಹಾನ್ ಮೇಡಂ ನನ್ನ ಕೈ ಹಿಡಿದುಕೊಂಡರು.

ಎದುರು ದಡದ ದುಮಗೆಟೆ ಪಟ್ಟಣಕ್ಕೆ ಹೋಗುವ ಹಡಗಿನ ಹೊತ್ತಾಗಿತ್ತು, ಹೊರಟುಬಿಟ್ಟೆವು. ಮರುವಾರ ಬೊಹೊಲ್‌ನಲ್ಲಿ ಇನ್ನೊಂದು ಕಾಲೇಜು, ಅದರ ಬೆನ್ನಿಗೇ ಸೊಸೆಯ ಹೆರಿಗೆ. ವರದಿಯ ಕೊನೆಯ ದಿನ ತಾಂಪುಸ್ ಫೋನ್ ಮಾಡಿ ಪುಟಗಳೆಲ್ಲಿ ಅಂತ ಕೇಳಿದರು. ಮುಂದಿನ ಸಲ ನೋಡೋಣ, ಈಗ ಹಾಗೇ ಕಳಿಸಿಬಿಡಿ ಅಂದೆ. ಮುಂದಿನ ಸಲ ಬರಲೇ ಇಲ್ಲ. ಜೂನ್‌ಗೆ ಕೋರ್ಸು ಮುಚ್ಚಿತು. ವಿದ್ಯಾರ್ಥಿಗಳನ್ನು ಬೇರೆ ವಿಭಾಗಗಳಿಗೆ ಹಂಚಿದ್ದೇವೆ ಅಂತ ಬುಲಾಹಾನ್ ಮೇಡಂ ಒಂದೇ ಸಾಲು ಬರೆದರು. ಬೈದಿದ್ದರೆ ವಾಸಿಯಿತ್ತು.

ಎರಡು ವರ್ಷ ತಡೆದುಕೊಂಡೆ. ಆಮೇಲೆ ಸಿಕಿಹೋರ್‌ಗೆ ಒಬ್ಬಳೇ ಹೋದೆ. ಅಲ್ಲಿನ ಲರೇನಾ ಊರಿನ ದಡದಲ್ಲಿ ಅಣ್ಣ ಮತ್ತೆ ದೋಣಿಗೆ ಹಲಗೆ ಕೂರಿಸುತ್ತಿದ್ದರು. ನನ್ನನ್ನು ಗುರುತು ಹಿಡಿದು ನಕ್ಕು, ಕೂರಲು ಮಣೆ ತಂದಿಟ್ಟರು. ಅವರ ಮಗಳು ಲೊಯ್ದಾ ನಮ್ಮ ನಡುವೆ ನಿಂತಳು. ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ. ಅವಳ ಕೈಗಳು ಅದನ್ನು ಅವರಿಗೆ ಮುಟ್ಟಿಸಿದವು.

ಅವರು ಉಳಿ ಕೆಳಗಿಟ್ಟು ಏನೋ ಕೇಳಿದರು.

"ನನ್ನ ಪಾಠ ಚೆನ್ನಾಗಿರಲಿಲ್ವಾ ಅಂತಾರೆ," ಅಂದಳು ಲೊಯ್ದಾ. ಆಮೇಲೆ ತನ್ನ ಮಾತಾಗಿ, "ಎರಡು ವರ್ಷದಿಂದ ಅಪ್ಪ ಅದನ್ನೇ ಅಂದ್ಕೊಂಡಿದಾರೆ ಮೇಡಂ. ತನ್ನ ಪಾಠ ನೋಡಿಯೇ ಮುಚ್ಚಿದ್ರು ಅಂತ."

"ಅಷ್ಟು ಒಳ್ಳೇ ಪಾಠ ನಾನು ಎಲ್ಲೂ ನೋಡಿಲ್ಲ ಅಂತ ಹೇಳಮ್ಮ."

ಅವಳು ಹೇಳಿದಳು. ಅವರು ಅವಳ ಕೈ ನೋಡುತ್ತಿದ್ದವರು ನನ್ನ ಮುಖಕ್ಕೆ ತಿರುಗಿದರು. ಆಮೇಲೆ ಅವರ ಕೈ ಆಡಿತು. ಲೊಯ್ದಾ ಅದನ್ನು ಹೇಳಲು ಹಿಂಜರಿದಳು. ಹೇಳು ಅಂದೆ.

"ಹಾಗಾದ್ರೆ ಆವತ್ತೇ ಯಾಕೆ ಹೇಳ್ಲಿಲ್ಲ, ಅಂತಾರೆ."

ಊರಿಗೆ ಬಂದು ಆ ಎರಡು ಪುಟ ಬರೆದು ಕಳಿಸಿದೆ. ಅಂಥ ಕೋರ್ಸು ಈಗ ಇಲ್ಲವೆಂದು ಬರೆದು ಮಾನ್ಯತೆಯ ಕಚೇರಿ ಅದನ್ನು ವಾಪಸ್ ಕಳಿಸಿತು. ಆ ವರ್ಷವೇ ಕೆಲಸ ಬಿಟ್ಟೆ. ದ್ವೀಪದ ಕಿವುಡರಲ್ಲಿ, ಕಳಿಸುವ ಶಕ್ತಿಯಿದ್ದ ಮನೆಯ ಮಕ್ಕಳು ದುಮಗೆಟೆಯ ಶಾಲೆಗೆ ಹಡಗು ಹತ್ತುತ್ತಾರೆ. ಉಳಿದವರು ಮನೆಯಲ್ಲೇ ಇದ್ದಾರೆ.