ಮರಿಯ ಮೂಗಿನ ಎತ್ತರ

ಕೋಳಿಮರಿಗಳು ಕಣ್ಣು ಮುಚ್ಚಿಕೊಂಡು ಶೆಡ್ಡಿನ ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಮೇವಿನ ತಟ್ಟೆಗಳು ಬೆಳಿಗ್ಗೆ ತುಂಬಿದ ಹಾಗೆಯೇ ಇದ್ದವು. ಸೊಸೆ ಅತ್ತೆಗೆ ಹೇಳದೆ ಪಶುವೈದ್ಯೆಗೆ ಫೋನ್ ಮಾಡಿದಳು.

ವೈದ್ಯೆ ಬಂದು ಮರಿಗಳ ಕಣ್ಣು ಬಿಡಿಸಿ ನೋಡಿದರು. ನೆಲಕ್ಕೆ ಹಾಸಿದ್ದ ಮರದ ಹೊಟ್ಟನ್ನು ಹಿಂಡಿ ನೋಡಿದರು. ಚೀಟಿಯಲ್ಲಿ ಬರೆದದ್ದು ಎರಡೇ ಪದ: ಅಮೋನಿಯಾಯುಕ್ತ ಗಾಳಿ.

"ಇದು ಔಷಧಿ ಹೆಸರಾ?" ಅತ್ತೆ ಕೇಳಿದರು.

"ಅಲ್ಲಮ್ಮ, ಕಾಯಿಲೆಗೆ ಕಾರಣ. ಗಾಳೀಲಿ ಅಮೋನಿಯಾ ಸೇರಿದೆ ಅಂತ ಅರ್ಥ. ಒದ್ದೆ ಹೊಟ್ಟಲ್ಲಿ ಹಿಕ್ಕೆ ಕೊಳೆತರೆ ಆ ಅನಿಲ ಏಳುತ್ತೆ. ಗಾಳಿಗೆ ಸೇರಿದ್ರೆ ಅಮೋನಿಯಾಯುಕ್ತ ಗಾಳಿ, ನೀರಿಗೆ ಸೇರಿದ್ರೆ ಅಮೋನಿಯಾಯುಕ್ತ ನೀರು."

"ಹದಿನೆಂಟು ವರ್ಷದಿಂದ ಕೋಳಿ ಸಾಕ್ತಿದೀನಿ. ನನ್ನ ಮೂಗಿಗೆ ಏನೂ ಬಡೀತಿಲ್ಲ. ನಿಮ್ಮ ಚೀಟಿಗೆ ಮಾತ್ರ ವಾಸನೆ ಬಂತಾ?"

"ನಿಮ್ಮ ಮೂಗು ಪಳಗಿಹೋಗಿದೆ. ಅಲ್ದೆ ನೀವು ನಿಂತಿದೀರಿ. ಮರಿ ಮೂಗು ಎಲ್ಲಿದೆ? ಸ್ವಲ್ಪ ಬಗ್ಗಿ. ಇನ್ನೂ ಕೆಳಗೆ."

"ಈ ವಯಸ್ಸಲ್ಲಿ ನನ್ನನ್ನೂ ಮರಿ ಮಾಡಿದ್ರಿ," ಎಂದು ಗೊಣಗುತ್ತಲೇ ಅತ್ತೆ ಮೊಣಕಾಲೂರಿ, ಹೊಟ್ಟಿನ ಹತ್ತಿರ ಮುಖ ತಂದು ಉಸಿರೆಳೆದರು. ಎರಡನೇ ಉಸಿರಿಗೆ ಕೆಮ್ಮು ಬಂತು. ಕಣ್ಣಲ್ಲಿ ನೀರು ಧಾರಾಕಾರ. ಸೊಸೆ ತಕ್ಷಣ ಕೈಹಿಡಿದು ಎಬ್ಬಿಸಿದಳು.

"ಅಳ್ಬೇಡಿ ಅತ್ತೆ, ನೋಡಿದೋರು ನನ್ನ ಬೈತಾರೆ."

"ನಗು, ನಗು! ಮೊದ್ಲು ಆ ಪರದೆ ಸರಿಸು."

ಮರಿಗಳಿಗೆ ಚಳಿಯಾದೀತೆಂದು ಸುತ್ತಲಿನ ಪರದೆಯನ್ನು ಬಿಗಿಯಾಗಿ ಮುಚ್ಚಿಸಿದ್ದವರು ಅತ್ತೆಯೇ. ಈಗ ಮೇಲ್ಗಡೆ ಒಂದು ಗೇಣು ತೆರೆದರು. ಸೋರುತ್ತಿದ್ದ ನೀರಿನ ಕೊಳವೆಯನ್ನು ಸರಿಪಡಿಸಿದರು. ಒದ್ದೆ ಹೊಟ್ಟನ್ನು ಬಾಚಿ ಹೊರಹಾಕಿ, ಒಣ ಹೊಟ್ಟು ಹರಡಿದರು.

ವಾರದೊಳಗೆ ಮರಿಗಳು ಮೇವಿಗೆ ಮುಗಿಬೀಳತೊಡಗಿದವು. ಎರಡು ಮರಿಗಳ ಕಣ್ಣು ಮಾತ್ರ ಉಳಿಯಲಿಲ್ಲ. ಅವಕ್ಕೆ ಅತ್ತೆ ಕೈಯಾರೆ ಮೇವು ತಿನ್ನಿಸುತ್ತಾರೆ. ಪಕ್ಕದ ಶೆಡ್ಡಿನವಳು "ನಮ್ಮಲ್ಲಿ ವಾಸನೆಯೇ ಇಲ್ಲಪ್ಪ" ಎಂದಾಗ ಅವರು ಬಿಡಲಿಲ್ಲ:

"ನಿಂತ್ಕೊಂಡು ಹೇಳ್ಬೇಡ ಕಣೇ. ಬಗ್ಗಿ ಹೇಳು."

ಕೋಳಿ ಸಾಕುವವರೇ, ನೀವೂ ದಿನಕ್ಕೊಮ್ಮೆ ಮರಿಯ ಎತ್ತರಕ್ಕೆ ಬಗ್ಗಿ ಒಂದು ಉಸಿರು ತೆಗೆದುಕೊಳ್ಳಿ. ಕಣ್ಣು ಉರಿದರೆ ಆ ಗಾಳಿ ಅಮೋನಿಯಾಯುಕ್ತ. ಕೂಡಲೇ ಗಾಳಿಗೆ ದಾರಿ ಬಿಡಿ, ಒದ್ದೆ ಹಾಸು ತೆಗೆಯಿರಿ. ನೆಲ ತೊಳೆಯುವ ದ್ರಾವಣದ ಬಾಟಲಿಯ ಮೇಲೆ 'ಅಮೋನಿಯಾಯುಕ್ತ' ಎಂಬ ಇದೇ ಪದ ಕಂಡರೆ, ಅದನ್ನು ಬ್ಲೀಚಿಂಗ್ ಪುಡಿಯೊಂದಿಗೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ನಾಳೆಯವರೆಗೆ ಕಾಯಬೇಡಿ. ಇವತ್ತೇ ಶೆಡ್ಡಿಗೆ ಹೋಗಿ ಬಗ್ಗಿ ನೋಡಿ.