ಸತು ಜ್ವರ

ಅಣ್ಣ, ತಮ್ಮ ಇಬ್ಬರೂ ವೆಲ್ಡರುಗಳು. ಸತು ಬಳಿದ ಪೈಪಿಗೆ ಬೆಂಕಿ ತಗಲಿಸಿದರೆ ಬಿಳಿ ಹೊಗೆ ಏಳುತ್ತೆ. ಅದನ್ನು ಕುಡಿದವನಿಗೆ ಸಂಜೆ ಹೊತ್ತಿಗೆ ಚಳಿಜ್ವರ ಗ್ಯಾರಂಟಿ, ಬೆಳಗಾದರೆ ಮಾಯ. ಅದಕ್ಕೇ ತಮ್ಮ ಗಡಗಡ ನಡುಗುತ್ತಾ ಮಲಗಿದಾಗ ಅಣ್ಣ ಮುಖ ಕೂಡ ನೋಡದೆ ಅಂದುಬಿಟ್ಟ: "ಸತು ಜ್ವರ ಕಣೋ. ಹಾಲು ಕುಡಿದು ಮಲ್ಕೋ, ನಾಟಕ ಸಾಕು."

ಬೆಳಗಾಯಿತು. ಜ್ವರ ಜಗ್ಗಲಿಲ್ಲ. ಅಣ್ಣ ಚಪ್ಪಲಿ ಮೆಟ್ಟಿದ, ಬಿಟ್ಟ, ಹಣೆ ಮುಟ್ಟಿದ, ಮತ್ತೆ ಮೆಟ್ಟಿದ. ಅಂಡು ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಿದ್ದ ಗಂಡನನ್ನು ನೋಡಿ ಹೆಂಡತಿ ಕೇಳಿದಳು: "ಅಲ್ರೀ, ನಿನ್ನೆ ಭಾನುವಾರ. ಶೆಡ್ಡಿಗೆ ಬೀಗ ಹಾಕಿತ್ತಲ್ಲ? ಹೊಗೆ ಎಲ್ಲಿಂದ ಬಂತು?"

ಅಣ್ಣ ಓಡಿಹೋಗಿ ತಮ್ಮನ ಭುಜ ಹಿಡಿದು ಅಲುಗಾಡಿಸಿದ.

"ಯಾರ್ರೀ ನೀವು?" ಅಂದ ತಮ್ಮ. "ಗೇಟು ನಾಳೆ ಕೊಡ್ತೀವಿ, ಹೋಗಿ."

ಅಯ್ಯೋ, ಒಡಹುಟ್ಟಿದವನನ್ನೇ ಗಿರಾಕಿ ಮಾಡಿಬಿಟ್ಟನಲ್ಲ!

"ವೈರಸ್ಸು. ಮಿದುಳಿಗೂ ಮುಟ್ಟಿದೆ," ಎಂದರು ಆಸ್ಪತ್ರೆಯ ಡಾಕ್ಟರಮ್ಮ. "ಔಷಧಿ ಶುರು ಮಾಡಿದ್ದೀವಿ. ರಕ್ತದಲ್ಲಿ ಸತು ತೀರಾ ಕಮ್ಮಿ, ಅದನ್ನೂ ಕೊಡ್ತೀವಿ."

ಅಣ್ಣನಿಗೆ ರೇಗಿತು. "ಏನಮ್ಮಾ, ಹಗಲೆಲ್ಲ ಸತುವನ್ನೇ ಉಸಿರಾಡೋ ಮೈ ಇದು! ಕಮ್ಮಿ ಹೇಗಾಗುತ್ತೆ?"

"ಹೊಗೇಲಿ ಹೋದದ್ದು ಎದೆ ಕೆಡಿಸುತ್ತೆ, ಅಷ್ಟೇ. ಮೈಗೆ ಹತ್ತೋದು ಊಟದ ಜೊತೆ ಹೋಗೋ ಚೂರು. ರೋಗದ ಜೊತೆ ಹೊಡೆದಾಡೋಕೂ ಅದು ಬೇಕು, ಮಿದುಳು ಕಾಯೋಕೂ ಬೇಕು. ಅದೊಂದರಿಂದಲೇ ವಾಸಿಯಾಗುತ್ತೆ ಅಂತಲ್ಲ. ಹೊಟ್ಟೆ ತುಂಬ ಉಣ್ತಿದ್ರಾ ಇವರು?"

ಎಲ್ಲಿ ಉಣ್ಣುತ್ತಿದ್ದ? ಟೀ, ಬನ್ನಿನಲ್ಲೇ ದಿನ ದೂಡುತ್ತಿದ್ದ. ಊಟ ಆಮೇಲೆ, ಮೊದಲು ಗೇಟು ಮುಗಿಸು ಅಂತ ತರಾತುರಿ ಮಾಡಿದವನು ಅಣ್ಣನೇ.

ಆಮೇಲೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ವಾರ್ಡಿನ ಬಾಗಿಲು ಕಿರ್ರೆಂದಾಗಲೆಲ್ಲ ಎದ್ದ. "ಒಂದ್ಕಡೆ ಕೂತ್ಕೊಳ್ರೀ, ನಿಮ್ಮನ್ನ ನೋಡಿ ನನಗೇ ತಲೆ ತಿರುಗುತ್ತೆ," ಅಂತ ನರ್ಸು ಗದರಿದರೆ ಒಂದು ಗಳಿಗೆ ಕೂತ, ಮತ್ತೆ ಎದ್ದ. ತಮ್ಮ ಬದುಕಿದರೆ ಸಾಲದು, ತನ್ನ ಗುರುತು ಹಿಡಿಯಬೇಕು. ಅವನ ಜೀವವೆಲ್ಲ ಅದರಲ್ಲೇ ಇತ್ತು.

ಜ್ವರ ಇಳಿದ ದಿನ ತಮ್ಮ ಕಣ್ಣುಬಿಟ್ಟ. ಅಣ್ಣ ಬಗ್ಗಿ ಕೇಳಿದ: "ನಾನ್ಯಾರು ಹೇಳೋ?"

ಒಣಗಿದ ತುಟಿ ಅಲುಗಿತು. "ನೀನಾ? ಹಾಲು ಕುಡಿದು ಮಲ್ಕೋ, ನಾಟಕ ಸಾಕು ಅಂದೋನು."

"ಹೌದು ಕಣೋ, ಅವನೇ," ಅಂತ ಅಣ್ಣ ಗಳಗಳ ಅತ್ತುಬಿಟ್ಟ.