ಯಜಮಾನನ ತೊಟ್ಟಿಗೆ ಬಂದ ಗುಂಡ

ಸಾಕುವ ಮೀನಿನ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ದೊಡ್ಡ ಮೀನು ಕೊಳ್ಳಲು ಬಂದವರಿಗೆಲ್ಲ ನಾನು ಹೇಳುವ ಮಾತು ಒಂದೇ: "ಹೊಸದನ್ನ ಬಿಡೋ ಮುಂಚೆ ತೊಟ್ಟಿಯ ಕಲ್ಲೆಲ್ಲ ಕದಲಿಸಿಬಿಡಿ. ಹಳೇದಕ್ಕೆ ತನ್ನ ಜಾಗ ಯಾವುದು ಅಂತ ಗೊತ್ತಾಗಬಾರದು. ಇಲ್ಲಾಂದ್ರೆ ಕೊಂದೇ ಹಾಕುತ್ತೆ." ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬ ಗಾದೆಯನ್ನು ನನ್ನಂಥವರನ್ನು ನೋಡಿಯೇ ಕಟ್ಟಿರಬೇಕು.

ಅಂದು ಬೆಳಗ್ಗೆ ಅಣ್ಣ ಬಕೆಟ್ ಹಿಡಿದು ಬಂದ. ಒಳಗಿದ್ದದ್ದು ಗುಂಡ, ಅಡಿಯುದ್ದದ ಆಸ್ಕರ್ ಮೀನು. ತೀರಿಕೊಂಡ ಅತ್ತಿಗೆ ಸಾಕಿದ್ದು. ಅವಳ ಬೆರಳ ತುದಿಯಿಂದಲೇ ತಿನ್ನುತ್ತಿತ್ತು. ಅವಳು ಹೋದ ಮೇಲೆ ವಾರವಿಡೀ ಮುನಿಸಿಕೊಂಡಿದ್ದು ಕೊನೆಗೆ ಅಣ್ಣನ ಕೈಗೂ ಒಗ್ಗಿತು. ಅಣ್ಣ ದಿನಕ್ಕೆ ನಾಲ್ಕು ಮಾತಾಡಿದರೆ ಮೂರು ಅದರ ಜೊತೆ.

"ಮನೆ ತೊಟ್ಟಿ ಸೋರ್ತಿದೆ ಕಣೇ. ಹೊಸದು ಬರೋವರೆಗೆ ನಾಲ್ಕು ದಿನ ಇಟ್ಕೋ. ಅವಳದ್ದು ಅಂತ ಉಳಿದಿರೋದು ಇದೊಂದೇ," ಅಂದ.

"ನನ್ನ ಹತ್ರ ಬಿಟ್ಟ ಮೇಲೆ ಇನ್ನೇನು ಯೋಚ್ನೆ? ಹೋಗಣ್ಣ," ಎಂದೆ.

ಗುಂಡ ಹಿಡಿಸುವಂಥ ತೊಟ್ಟಿ ಅಂಗಡಿಯಲ್ಲಿ ಒಂದೇ, ಯಜಮಾನನದು. ಯಜಮಾನ ಎಂದರೆ ಹಣೆಯ ಮೇಲೆ ಗುಬಟು ಹೊತ್ತ ಫ್ಲವರ್‌ಹಾರ್ನ್ ಮೀನು. ಗಾಜು ಒರೆಸಲು ಹೋದ ನನ್ನ ಕೈಗೇ ಹಾಯುವ ಪುಂಡ. ಆ ತೊಟ್ಟಿಯಲ್ಲಿ ಮೂರು ದಿನ ಕೂತು ಕಲ್ಲಿನ ಕಮಾನು ಕಟ್ಟಿದ್ದೆ. ಬಂದವರೆಲ್ಲ ಫೋಟೊ ಹೊಡೆದುಕೊಳ್ಳುತ್ತಿದ್ದರು. ಕೆಡವಲು ಮನಸ್ಸು ಬರಲಿಲ್ಲ. ಯಜಮಾನನಿಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಿ, ಇನ್ನೇನು ಜಗಳವಾಡುತ್ತಾನೆ ಎಂದು ಗುಂಡನನ್ನು ಬಿಟ್ಟೆ.

ಒಂದು ಗಂಟೆ ಇಬ್ಬರೂ ಸುಮ್ಮನಿದ್ದರು. ನಾನು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಗುಂಡ ಮೂಲೆಯಲ್ಲಿ ಓರೆಯಾಗಿ ಒರಗಿತ್ತು. ಬಾಲ ಚಿಂದಿಯಾಗಿತ್ತು, ಒಂದು ಕಣ್ಣಿರಲಿಲ್ಲ. ಯಜಮಾನನ ಮೈಮೇಲೆ ಒಂದು ಗೀರೂ ಇಲ್ಲ. ಕೈತುತ್ತು ತಿಂದು ಬೆಳೆದ ಮೀನಿಗೆ ತಿರುಗಿ ಕಚ್ಚುವುದನ್ನು ಯಾರು ಕಲಿಸಿದ್ದರು? ಬೇರೆ ನೀರಿಗೆ ಹಾಕಿದೆ, ಔಷಧಿ ಬೆರೆಸಿದೆ. ಸಂಜೆಯೊಳಗೆ ಸತ್ತಿತು. ಯಜಮಾನನನ್ನು ಬಾಯಿಗೆ ಬಂದಂತೆ ಬೈದೆ. ಅವನದೇನು ತಪ್ಪು? ಅವನ ಮನೆಗೆ ಹೇಳದೆ ಕೇಳದೆ ನೆಂಟನನ್ನು ನುಗ್ಗಿಸಿದವಳು ನಾನು.

ಫೋನು ಮಾಡಿದ ಕೂಡಲೇ ಅಣ್ಣ ಬಂದ. ಗುಂಡನನ್ನು ಅಂಗೈಗಳ ಮೇಲೆ ಎತ್ತಿಕೊಂಡು ಸ್ಟೂಲಿನ ಮೇಲೆ ಕುಸಿದ.

"ತಪ್ಪು ನಂದೇ. ವಯಸ್ಸಾದ ಮೀನನ್ನ ಬಕೆಟಲ್ಲಿ ಕುಲುಕಿಸಿಕೊಂಡು ತಂದೆ. ಸುಸ್ತಾಗಿತ್ತೇನೋ, ಎದುರು ನಿಲ್ಲೋಕಾಗ್ಲಿಲ್ಲ. ಅವಳಿದ್ದಿದ್ರೆ ಮನೇಲೇ ಏನಾದ್ರೂ ದಾರಿ ಹುಡುಕ್ತಿದ್ಲು."

ಹೂಂ ಎಂದುಬಿಟ್ಟರೆ ನಾನು ಪಾರು. ಆ ಹೂಂ ನಾಲಿಗೆಯ ತುದಿಗೂ ಬಂದಿತ್ತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

"ನಿಂದಲ್ಲ ಅಣ್ಣ. ಮೊದ್ಲು ಕಲ್ಲು ಕದಲಿಸಬೇಕಿತ್ತು. ನಂಗೆ ಗೊತ್ತಿತ್ತು. ಅಂದ ಕೆಡುತ್ತೆ ಅಂತ ಬಿಟ್ಟೆ."

ಬೈಯಲಿ ಎಂದು ಕಾದೆ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಅವನು ಕಮಾನನ್ನೇ ನೋಡುತ್ತ ಕೇಳಿದ.

"ಕದಲಿಸೋದು ಎಷ್ಟು ಹೊತ್ತಿನ ಕೆಲಸ?"

"ಹತ್ತು ನಿಮಿಷ."

"ನಂಗೊಂದು ಮಾತು ಹೇಳಿದ್ರೆ ನಾನೇ ಕದಲಿಸ್ತಿದ್ದೆ ಕಣೇ. ಆಮೇಲೆ ಇದ್ದ ಹಾಗೇ ಕಟ್ಟಿಕೊಡ್ತಿದ್ದೆ."